ಸುಗ್ಗಿ ಭಾನುವಾರದ ಮರಗೆಣಸು

ವೇವ್ನಿಗೆ ಮರಗೆಣಸಿನ ಕಡ್ಡಿ ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನಲ್ಲಿ ಬಾಯಿಗಳಿಗೇನೂ ಬರವಿಲ್ಲ, ಬೇರೆಯವರು ಹೇಳಿ ನೀವು ಕೇಳುವುದು ಬೇಡ.

ಪೊಮರೂನ್ ನದಿಯ ದೋಣಿಕಟ್ಟೆಯಲ್ಲಿ ನಾನು ಮೂವತ್ತು ವರ್ಷದಿಂದ ಮೊಟ್ಟೆ ಉಂಡೆ ಮಾರುತ್ತಿದ್ದೇನೆ. ಬೇಯಿಸಿದ ಮೊಟ್ಟೆಗೆ ಅರೆದ ಮರಗೆಣಸು ಸುತ್ತಿ ಕರಿದರೆ ಆಯಿತು. ವೇವ್ನಿ ಅಲ್ಲೇ ದೋಣಿ ಹತ್ತುವವರ ಹೆಸರು ಬರೆದುಕೊಳ್ಳುತ್ತಾಳೆ. ಬೆಳಗ್ಗೆ ಐದಕ್ಕೆ ಬಂದರೆ ಸಂಜೆ ಐದರವರೆಗೂ ಪುಸ್ತಕ, ಪೆನ್ನು, ಜನರ ಬೈಗುಳ. ಮನೆಗೆ ಹೋದ ಮೇಲೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯಬೇಕು. ಗಂಡ ಒಳನಾಡಿನ ಚಿನ್ನದ ಗಣಿಯಲ್ಲಿದ್ದಾನೆ, ಬಂದಾಗ ಬಂದ. ಮನೆಯಲ್ಲಿ ಏಳು ವರ್ಷದ ಮಗಳು ಶೆನೆಲ್, ಜೊತೆಗೆ ಅತ್ತೆ ಈನಿಡ್.

ಇಂಥವಳಿಗೆ ಹೋದ ಜನವರಿಯಲ್ಲಿ ತರಕಾರಿ ಬೆಳೆಯುವ ಹುಚ್ಚು ಹಿಡಿಯಿತು. ಪೇಟೆಯ ಅಲಸಂದೆ ಔಷಧಿ ನಾರುತ್ತದೆ, ಮಗಳ ಹೊಟ್ಟೆಗೆ ಹೋಗುವುದನ್ನು ತಾನೇ ಬೆಳೆಯುತ್ತೇನೆ ಎಂದಳು. ರಾಜಧಾನಿಯಲ್ಲಿ ಹುಟ್ಟಿ ಬೆಳೆದವಳು, ಗುದ್ದಲಿ ಹಿಡಿದು ಗೊತ್ತಿಲ್ಲ.

"ಸೂಜಿಗೆ ದಾರ ಪೋಣಿಸೋಕೆ ಪುರುಸೊತ್ತಿಲ್ಲ, ತೋಟ ಮಾಡ್ತಾಳಂತೆ," ಎಂದು ಈನಿಡ್ ಮೆಟ್ಟಿಲ ಮೇಲೆ ಕೂತು ನನಗೆ ಕೇಳುವಂತೆ ಹೇಳಿದ್ದಳು. "ನೋಡ್ತಿರು ಡುಲ್ಸಿ, ಕೋಳಿಗಳಿಗೆ ಆಟದ ಮೈದಾನ ಆಗತ್ತೆ."

ಮುದುಕಿಯ ಮಾತು ಸುಳ್ಳಾಗಲಿಲ್ಲ. ಟೊಮ್ಯಾಟೊ ಗಿಡ ಕೊಳೆಯಿತು. ಸೊಪ್ಪನ್ನು ಇರುವೆಗಳು ಒಂದೇ ದಿನದಲ್ಲಿ ಕತ್ತರಿಸಿ ಮೆರವಣಿಗೆ ಮಾಡಿಕೊಂಡು ಹೊತ್ತುಕೊಂಡು ಹೋದವು. ಉಳಿದದ್ದು ಮರಗೆಣಸು ಮಾತ್ರ. ಅದನ್ನು ಸಾಯಿಸಲು ವೇವ್ನಿಯಿಂದಲೂ ಆಗಲಿಲ್ಲ.

ನಾನು ಕೊಟ್ಟದ್ದು ಸಿಹಿ ಮರಗೆಣಸಿನ ಕಡ್ಡಿ, ಬೇಯಿಸಿ ತಿನ್ನುವಂಥದ್ದು. ಅದೇ ವಾರ ಇಗ್ನೇಷಿಯಾ ಆಂಟಿಯೂ ಒಂದು ಕಟ್ಟು ಕೊಟ್ಟಳು. ಆಕೆ ನದಿಯ ಮೇಲ್ಗಡೆಯ ಆದಿವಾಸಿ ಹಳ್ಳಿಯವಳು. ಅವಳ ಕಡ್ಡಿ ಕಹಿ ಮರಗೆಣಸಿನದು. ಅದನ್ನು ತುರಿದು, ಹಿಂಡಿ, ಆ ರಸವನ್ನು ಕಪ್ಪಗಾಗುವ ತನಕ ಕುದಿಸಿದರೆ ಕ್ರಿಸ್‌ಮಸ್ಸಿನ ಮಾಂಸದ ಸಾರಿಗೆ ಜೀವ ಬರುತ್ತದೆ. ಹಿಂಡದೆ ಸುಮ್ಮನೆ ಬೇಯಿಸಿ ತಿಂದರೆ ವಿಷ. ಗಿಡ ನೋಡಿದರೆ ಎರಡೂ ಒಂದೇ, ಕಣ್ಣು ಪಳಗಿದವರಿಗಷ್ಟೇ ವ್ಯತ್ಯಾಸ ತಿಳಿಯುತ್ತದೆ.

"ಬೇರೆ ಬೇರೆ ನೆಡು ಕಣೇ," ಎಂದು ಇಬ್ಬರೂ ಹೇಳಿದೆವು. ಅವಳು ಪುಸ್ತಕದಿಂದ ತಲೆ ಎತ್ತದೆ "ಹ್ಞೂಂ, ಹ್ಞೂಂ" ಎಂದಳು. ಮರೆತಳು ಎನ್ನಲಾರೆ. ಅಡುಗೆಮನೆ ಕಡೆ ಸಿಹಿ, ಕಾಲುವೆ ಕಡೆ ಕಹಿ ಎಂದು ಲೆಕ್ಕ ಹಾಕಿಯೇ ಇದ್ದಳು. ಆದರೆ ನೆಟ್ಟ ಸಂಜೆ ಮಳೆ ಬಂತು, ಒಳಗೆ ಹೊಲಿಗೆ ಕಾದಿತ್ತು, ಎರಡೂ ಕಟ್ಟು ಬಿಚ್ಚಿ ಒಂದೇ ಹಲಗೆಯ ಮೇಲೆ ಕಡ್ಡಿ ತುಂಡರಿಸಿದಳು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿಲ್ಲ.

ಅಕ್ಟೋಬರಿನಲ್ಲಿ ಚರ್ಚಿನ ಸುಗ್ಗಿ ಭಾನುವಾರ ಬಂತು. ಹೊಸ ತೋಟದ ಮೊದಲ ಬೆಳೆ ಮನೆಯ ಒಲೆಗೆ ಹೋಗಬಾರದು, ದೇವರ ಮುಂದೆ ಹೋಗಬೇಕು. ವೇವ್ನಿ ಅಡುಗೆಮನೆ ಕಡೆಯ ಗಿಡ ಕಿತ್ತು ಮೂರು ಚೀಲ ತುಂಬಿಸಿ, ಗೆಣಸು ತೊಳೆದು, ಬೂಟ್ಸಿಗೆ ಪಾಲಿಶ್ ಹಾಕಿದ ಹಾಗೆ ಒರೆಸಿ, ಪೀಠದ ಮುಂದೆ ಇಟ್ಟಳು. ನನಗೂ ಹೆಮ್ಮೆಯಾಯಿತು, ನನ್ನ ಕಡ್ಡಿಯಲ್ಲವೇ! ಸೋಮವಾರ ಮಧ್ಯಾಹ್ನ ಎಂದಿನಂತೆ ಚರ್ಚಿನವರು ಅದನ್ನೆಲ್ಲ ಊರಿನವರಿಗೆ ಮಾರಿದರು.

ಅದೇ ಸೋಮವಾರ ಮೂರು ಗಂಟೆಗೆ ಇಗ್ನೇಷಿಯಾ ಆಂಟಿ ದೋಣಿಯಿಂದ ಇಳಿದಳು. ವೇವ್ನಿ ಅವಳಿಗೆ ತೋರಿಸಲೆಂದೇ ಒಂದು ಗೆಣಸು ಎತ್ತಿಟ್ಟಿದ್ದಳು.

"ನೋಡಿ ಆಂಟಿ, ಡುಲ್ಸಿ ಅಕ್ಕನ ಸಿಹಿ ಗೆಣಸು. ಹೆಂಗಿದೆ?"

ಆಂಟಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚಾಕುವಿನಿಂದ ಒಂದು ಚೂರು ಕೆತ್ತಿ, ನಾಲಿಗೆಯ ತುದಿಗೆ ಮುಟ್ಟಿಸಿ, ಥೂ ಎಂದು ನದಿಗೆ ಉಗಿದಳು.

"ಇದು ನಂದು," ಎಂದಳು. "ಮಿಕ್ಕಿದ್ದೆಲ್ಲಿ?"

ವೇವ್ನಿ ಪುಸ್ತಕವನ್ನು ಅಲ್ಲೇ ಬಿಟ್ಟು ಓಡಿದಳು. ದೋಣಿಗೆ ಕಾದವರು "ಏಯ್, ನಮ್ಮ ಹೆಸರು?" ಎಂದು ಕೂಗುತ್ತಲೇ ಇದ್ದರು. ನಾನೂ ಎಣ್ಣೆ ಬಾಣಲೆ ಇಳಿಸಿ ಹಿಂದೆ ಓಡಿದೆ. ಐವತ್ತೆಂಟರ ವಯಸ್ಸಿನಲ್ಲಿ ಹಾಗೆ ಓಡಿದ್ದು ಹೆದರಿಕೆಯಿಂದಲೇ ಹೊರತು ಧೈರ್ಯದಿಂದಲ್ಲ.

ಮಾರಾಟ ನಡೆಸಿದ ಮೇವಿಸ್ ಸಿಸ್ಟರ್ ಚರ್ಚಿನ ಹಿಂದೆ ಬೆಂಚು ಒರೆಸುತ್ತಿದ್ದಳು. ಒಂದು ಚೀಲ ಮೇಷ್ಟ್ರ ಮನೆಗೆ, ಒಂದು ದೋಣಿ ರಿಪೇರಿ ಮಾಡುವ ಸೆಸಿಲ್‌ಗೆ ಹೋಗಿದೆ ಎಂದಳು. ಮೂರನೆಯದನ್ನು ಕೇಳುವಷ್ಟರಲ್ಲಿ ವೇವ್ನಿ ಗೇಟು ದಾಟಿ ಹೋಗಿದ್ದಳು.

ಮೇಷ್ಟ್ರ ಮನೆಯಲ್ಲಿ ಮಡಕೆ ಕುದಿಯುತ್ತಿತ್ತು. ವೇವ್ನಿ ಕೇಳದೆ ಒಳಗೆ ನುಗ್ಗಿ, ಬಟ್ಟೆಯೂ ಇಲ್ಲದೆ ಬರಿಗೈಯಲ್ಲಿ ಅದನ್ನೆತ್ತಿ ಅಂಗಳಕ್ಕೆ ಚೆಲ್ಲಿದಳು. ಮೇಷ್ಟ್ರ ಹೆಂಡತಿ ಕಿರುಚಿಕೊಂಡಳು. ಅಂಗೈ ಸುಟ್ಟದ್ದು ಇವಳಿಗೆ ತಿಳಿದಂತೆಯೇ ಕಾಣಲಿಲ್ಲ. "ಯಾರಾದ್ರೂ ತಿಂದ್ರಾ? ಯಾರಾದ್ರೂ ಬಾಯಿಗೆ ಹಾಕ್ಕೊಂಡ್ರಾ?" ಎಂದು ಎಲ್ಲರ ಮುಖ ನೋಡಿದಳು. ಯಾರೂ ತಿಂದಿರಲಿಲ್ಲ.

ಸೆಸಿಲ್‌ನ ಚೀಲ ಇನ್ನೂ ಬಿಚ್ಚಿರಲಿಲ್ಲ. ಅವನಿಗೆ ನಗು.

"ಏನಮ್ಮಾ, ದೇವರಿಗೆ ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ಯಾ? ಅಷ್ಟೊಂದು ಹಸಿವಾ?"

"ವಿಷ ಕಣೋ ಅದು! ಬಾಯಿ ಮುಚ್ಕೊಂಡು ಕೊಡೋ, ಮುಠ್ಠಾಳ!" ಎಂದು ನಾನು ಬೈದೆ. ಅವನ ನಗು ಅಲ್ಲಿಗೆ ನಿಂತಿತು.

ಉಳಿದದ್ದು ಇನ್ನೊಂದು ಚೀಲ. ವಾಪಸ್ ಚರ್ಚಿಗೆ ಓಡಿದೆವು. ಊರಿನ ಮನೆಗಳ ಮೇಲೆಲ್ಲ ಒಲೆಯ ಹೊಗೆ ಏಳುತ್ತಿತ್ತು. ಯಾವ ಹೊಗೆಯ ಕೆಳಗೆ ಅದು ಬೇಯುತ್ತಿದೆಯೋ ಎಂದು ಒಂದೊಂದನ್ನೂ ನೋಡುತ್ತಾ ಓಡಿದೆ. ವೇವ್ನಿ ಓಡುತ್ತಲೇ "ಸಣ್ಣ ಮಕ್ಕಳಿರೋ ಮನೆಗೆ ಹೋಗಿರಬಾರ್ದು ದೇವ್ರೇ, ಸಣ್ಣ ಮಕ್ಕಳಿರೋ ಮನೆ ಬೇಡ," ಎನ್ನುತ್ತಿದ್ದಳು.

ಮೇವಿಸ್ ಸಿಸ್ಟರ್ ತಡವರಿಸಿದಳು. "ಹೇಳಲ್ಲ ಅಂತ ಮಾತು ಕೊಟ್ಟಿದೀನಿ."

"ಯಾರು ತಗೊಂಡ್ರು ಹೇಳಿ!"

"ನಿಮ್ಮತ್ತೆ ಕಣಮ್ಮಾ. ಮಾರಾಟ ಶುರುವಾಗೋ ಮೊದಲೇ ಬಂದ್ರು. ಯಾರೂ ತಗೊಳ್ಳದೆ ಉಳಿದ್ರೆ ನಮ್ಮ ಹುಡುಗಿಗೆ ಅವಮಾನ ಆಗತ್ತೆ, ಅವಳಿಗೆ ಗೊತ್ತಾಗೋದು ಬೇಡ ಅಂದ್ರು."

ವೇವ್ನಿ ಮನೆ ಕಡೆ ಓಡಿದಳು. ಆಗ ಅವಳ ಬಾಯಿಂದ ಬಂದ ಸದ್ದನ್ನು ನಾನು ಹೇಳಲಾರೆ.

ಶೆನೆಲ್ ಮನೆಯ ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದಳು. ಒಂದು ಕೆನ್ನೆ ಊದಿಕೊಂಡಿತ್ತು. ವೇವ್ನಿ ಅವಳ ಬಾಯಿ ಅಗಲಿಸಿ ಬೆರಳು ಹಾಕಿದಳು.

"ನುಂಗಿದ್ಯಾ? ನಿಜ ಹೇಳು, ನುಂಗಿದ್ಯಾ?"

"ಇಲ್ಲ ಅಮ್ಮ, ಉಗಿದ್ಬಿಟ್ಟೆ. ಅಜ್ಜಿ ಹೊಡೆದ್ರು. ಅಮ್ಮ ಬೆವರು ಸುರಿಸಿ ಬೆಳೆದಿದ್ದನ್ನ ಉಗೀತೀಯಾ ಅಂತ."

ಒಳಗೆ ಈನಿಡ್ ಕುರ್ಚಿಯಲ್ಲಿದ್ದಳು. ಅವಳ ತಟ್ಟೆ ಖಾಲಿ, ಮಗುವಿನ ತಟ್ಟೆಯೂ ಖಾಲಿ. ಎರಡನ್ನೂ ಅವಳೇ ತಿಂದಿದ್ದಳು. ಒಂಬತ್ತು ತಿಂಗಳು ಆ ತೋಟವನ್ನು ಆಡಿಕೊಂಡು ನಕ್ಕವಳು, ಕಹಿಯಾಗಿದ್ದರೂ ಒಂದು ತುಂಡನ್ನೂ ಬಿಟ್ಟಿರಲಿಲ್ಲ. ಏಳಲು ಹೋಗಿ ಮೇಜಿನ ಮೇಲೆ ಕುಸಿದಳು. ಉಸಿರು ಬಾವಿಯಿಂದ ನೀರೆಳೆದಂತೆ ಕಷ್ಟದಿಂದ ಬರುತ್ತಿತ್ತು.

ಸೆಸಿಲ್ ವ್ಯಾನು ತಂದ. ದಾರಿಯುದ್ದಕ್ಕೂ ವೇವ್ನಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಸುಟ್ಟ ಕೈಯನ್ನು ಅವಳ ಮೂಗಿನ ಹತ್ತಿರ ಹಿಡಿದು ಉಸಿರಿದೆಯೇ ಎಂದು ನೋಡುತ್ತಿದ್ದಳು. "ಬಯ್ಯಿರಿ ಅತ್ತೆ, ಏನಾದ್ರೂ ಬಯ್ಯಿರಿ," ಎನ್ನುತ್ತಿದ್ದಳು. ಈನಿಡ್ ಬಯ್ಯಲಿಲ್ಲ. ಅಷ್ಟು ಹೆದರಿಕೆ ನನಗೆ ಜೀವಮಾನದಲ್ಲಿ ಇನ್ನಾವುದಕ್ಕೂ ಆಗಿಲ್ಲ.

ಆಸ್ಪತ್ರೆಯಲ್ಲಿ ಹೊಟ್ಟೆ ತೊಳೆದರು, ಮೂಗಿಗೆ ಕೊಳವೆ ಹಾಕಿದರು, ಸೂಜಿ ಚುಚ್ಚಿದರು. ಉಳಿಯುತ್ತಾಳೆ ಎಂದು ಡಾಕ್ಟರು ಹೇಳಿದಾಗ ಮರುದಿನ ಬೆಳಗಾಗಿತ್ತು. ಮಗು ಎರಡೇ ತುತ್ತು ನುಂಗಿದ್ದರೂ ಅದರ ಬಗ್ಗೆ ಈ ಮಾತು ಹೇಳಲು ಆಗುತ್ತಿರಲಿಲ್ಲ ಎಂದೂ ಅಂದರು.

ಮಧ್ಯಾಹ್ನ ನಾನು ಶೆನೆಲ್‌ಳನ್ನು ಕರೆದುಕೊಂಡು ಹೋದೆ. ಅವಳು ಬಾಗಿಲಲ್ಲೇ ನಿಂತಳು. ಈನಿಡ್ ಕಣ್ಣು ತೆರೆದು ಕೈ ಚಾಚಿದಳು.

"ಬಾ, ಕಂದ."

"ಕಹಿ ಇದೆ ಅಂತ ಹೇಳಿದ್ನಲ್ವಾ ಅಜ್ಜಿ?" ಎಂದಳು ಮಗು.

"ಹೇಳಿದ್ದೆ ಕಣಮ್ಮಾ. ಹೇಳಿದ್ದಕ್ಕೇ ಹೊಡೆದ್ನಲ್ಲ ನಾನು."

ಚಾಚಿದ ಕೈ ಹಾಗೇ ಇತ್ತು. ಅದು ಹೊಡೆದ ಕೈ. ಶೆನೆಲ್ ಒಂದು ಹೆಜ್ಜೆ ಒಳಗೆ ಬಂದಳು, ಇನ್ನೊಂದು ಇಡಲಿಲ್ಲ.