ಹೊಳೆ ಅಳೆದ ಹಗ್ಗ

ತೆಂಗಿನ ಬುಡಕ್ಕೆ ಹಾಕಲು ತಂದ ಕಲ್ಲುಪ್ಪಿನ ಚೀಲ ಮೊನ್ನೆ ಜಗುಲಿಯಲ್ಲೇ ನೀರೊಡೆದಿತ್ತು. ಆ ಒದ್ದೆ ಗೋಣಿಯ ವಾಸನೆಗೆ ಮಹಡಿ ಮನೆಯ ಮೇಡಂ ನೆನಪಾದರು...

ತಿಪಟೂರಿನ ನಮ್ಮ ಮನೆಯ ಮೇಲೆ ಬಾಡಿಗೆಗಿದ್ದರು, ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಿದ್ದರು. ಅವರ ಊರು ಕರಾವಳಿಯಲ್ಲಿ, ಹೊಳೆ ಕಡಲು ಸೇರುವ ಕಡೆ. ಉಬ್ಬರದಲ್ಲಿ ಉಪ್ಪುನೀರು ಹೊಳೆಯೊಳಗೆ ಎಲ್ಲಿಯವರೆಗೆ ನುಗ್ಗುತ್ತದೆಂದು ಸಮೀಕರಣ ಕಟ್ಟಿ ಮೊದಲೇ ಹೇಳುವುದು ಅವರ ಸಂಶೋಧನೆ. ನನಗೆ ತಿಳಿಯಲೆಂದು ಒಮ್ಮೆ ಉಪ್ಪುನೀರಿಗೆ ಅರಿಶಿನ ಕಲಸಿ, ಲೋಟದ ಸಿಹಿನೀರಿಗೆ ಅಂಚಿನಿಂದ ಮೆಲ್ಲಗೆ ಇಳಿಸಿದರು. ಹಳದಿ ತಳದಲ್ಲೇ ಹರಡಿತು. “ನೋಡಿ ಅಕ್ಕ, ಮೇಲೆ ಸಿಹಿಯೇ ಇರ್ತದೆ. ಇದು ಅಡಿಯಿಂದ ಬರ್ತದೆ.”

ನಾವು ಮರಕ್ಕೆ ಉಪ್ಪು ಹಾಕುವುದು ಕಂಡು ನಗುತ್ತಿದ್ದರು. “ದುಡ್ಡು ಕೊಟ್ಟು ತಂದು ನೆಲಕ್ಕೆ ಸುರೀತೀರಲ್ಲ. ನಮ್ಮೂರಿಗೆ ಬನ್ನಿ, ಪುಕ್ಕಟೆ.”

ಮನೆಯ ಹಳೇ ಬಾವಿ ಉಪ್ಪಾದಾಗ, ಅವರ ಲೆಕ್ಕ ನಂಬಿ ಅವರಣ್ಣ ಹೊಳೆದಂಡೆಯಲ್ಲೇ ಇನ್ನೂ ಮೇಲ್ಗಡೆ ಬಾವಿ ತೋಡಿಸಿದ್ದರು. ಮುಂದಿನ ಬೇಸಿಗೆಗೆ ಅದೂ ಉಪ್ಪಾಯಿತು. ಆಮೇಲೆ ಅಣ್ಣನ ಫೋನು ಬಂದರೆ ಮೇಡಂ ಮೊಬೈಲನ್ನು ಮಗುಚಿಡುತ್ತಿದ್ದರು.

ಒಂದು ಭಾನುವಾರ ಅಣ್ಣನೇ ಬಂದರು. ಮೆಟ್ಟಿಲ ತಿರುವಿನಿಂದ ಮೇಡಂ ನನಗೆ ಕೈಸನ್ನೆ ಮಾಡಿದರು, ಇಲ್ಲ ಅನ್ನಿ ಅಂತ. “ಹೊರಗೆ ಹೋಗಿದಾರೆ ಕಣ್ರೀ” ಅಂದೆ. ಬಾರಿಗೆ ಪಿನ್ನು ಚುಚ್ಚಿದ ಮೇಡಂ ಚಪ್ಪಲಿ ನನ್ನ ಕಾಲ ಬಳಿಯೇ ಇತ್ತು. ಅಣ್ಣ ಅದನ್ನು ನೋಡಿದರು. ನೋಡಿ, ಕಣ್ಣನ್ನು ಬೇರೆ ಕಡೆ ತಿರುಗಿಸಿದರು.

ಚೀಲದಿಂದ ಗಂಟು ಹಾಕಿದ ಹಗ್ಗವೊಂದನ್ನು ತೆಗೆದು, ಮಹಡಿಗೂ ಕೇಳುವಂತೆ ಹೇಳಿದರು: “ಅವಳ ಮೇಲೆ ಸಿಟ್ಟಿಲ್ಲ ಮಾರಾಯ್ರೆ. ಮರಳು ತೆಗೆದೂ ತೆಗೆದೂ ಹೊಳೆ ಆಳವಾಗಿದೆ, ಉಪ್ಪು ಮುಂದೆ ಬಂತು. ದೋಣಿಯಲ್ಲಿ ಹೋಗಿ ಹೊಸ ಆಳ ಅಳೆದು, ಗುರುತಿಗೆ ಗಂಟು ಹಾಕಿದ್ದೇನೆ. ಮತ್ತೊಮ್ಮೆ ಲೆಕ್ಕ ಹಾಕಲಿ. ಊರಲ್ಲಿ ಇನ್ನೂ ನಾಲ್ಕು ಮನೆಯವರು ಬಾವಿ ತೋಡಲಿಕ್ಕಿದ್ದಾರೆ.”

ಹಗ್ಗ ನನ್ನ ಕೈಗಿಟ್ಟು, ನೀರೂ ಕುಡಿಯದೆ ಹೋದರು.

ಮೇಡಂ ಇಳಿದು ಬಂದು ಗಂಟುಗಳನ್ನು ಒಂದೊಂದಾಗಿ ಮುಟ್ಟಿದರು. “ಬಸ್ ಸ್ಟ್ಯಾಂಡಿಗೆ ಓಡಿದರೆ ಸಿಕ್ತಾನಾ ಅಕ್ಕ?”

ಅವರು ಓಡಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಬಯಲಾಗಲು ಇನ್ನೇನು ಉಳಿದಿತ್ತೋ... “ನಾಳೆ ಫೋನ್ ಮಾಡಿದ್ರಾಯ್ತು ಬಿಡಿ” ಅಂದುಬಿಟ್ಟೆ.

ಅವರು ಮಾಡಲೇ ಇಲ್ಲ. ಆ ವರ್ಷವೇ ವರ್ಗವಾಗಿ ಹೋದರು. ಖಾಲಿ ಕೋಣೆಯ ಮೊಳೆಯಲ್ಲಿ ಹಗ್ಗ ಹಾಗೇ ನೇತಾಡುತ್ತಿತ್ತು; ಕೆಳಗೆ ತಂದಿಟ್ಟುಕೊಂಡೆ. ನಾಲ್ಕು ಮನೆಯವರು ಎಲ್ಲಿ ತೋಡಿದರೋ, ಎಂಥ ನೀರು ಕುಡಿದರೋ.

ಮೊನ್ನೆ ಉಪ್ಪಿನ ಚೀಲ ಕಟ್ಟಲು ತೋಟದ ಆಳು ಆ ಹಗ್ಗಕ್ಕೇ ಕೈ ಹಾಕಿದ. “ಈ ಹಗ್ಗ ಕೊಡಿ ಅಮ್ಮ, ಗಂಟು ಬಿಚ್ಕೋತೀನಿ.”

“ಅದು ಬ್ಯಾಡ ಕಣಪ್ಪ. ಬೇರೆಯವರದ್ದು, ತಲುಪಿಸ್ಬೇಕು” ಅಂದೆ.

ಎಲ್ಲಿಗೆ ಅಂತ ಅವನು ಕೇಳಲಿಲ್ಲ.