ಆಂಜಿನಮ್ಮ ಬೀಗರ ಮೇಲೆ ಪದ ಹಾಕಿದ್ದು

ತಾಯಲೂರಿನ ಆಂಜಿನಮ್ಮನ ಬಾಯಿಗೆ ಸಿಕ್ಕರೆ ಕಥೆ ಮುಗಿಯಿತು ಅಂತ ಬೀಗರಾದವರೆಲ್ಲ ಹೆದರುತ್ತಿದ್ದ ಕಾಲವೊಂದಿತ್ತು. ಮದುವೆಯಾದ ಮೇಲೆ ಗಂಡಿನವರು ಬೀಗರೂಟ ಹಾಕುತ್ತಾರಲ್ಲ, ಅಲ್ಲಿ ಎಲೆ ಮುಂದೆ ಕೂತೇ ಒಬ್ಬರನ್ನೊಬ್ಬರು ಹಾಡು ಕಟ್ಟಿ ಗೇಲಿ ಮಾಡುವುದು ಅವರ ಕಡೆಯ ಪದ್ಧತಿ. ಒಂದು ಕಡೆಯವರು ಪದ ಹಾಕಿದರೆ, ಮಜ್ಜಿಗೆ ಬರುವಷ್ಟರಲ್ಲಿ ಇನ್ನೊಂದು ಕಡೆಯವರು ಉತ್ತರ ಕೊಡಬೇಕು. ಕೊಡಲಿಲ್ಲವೋ, ಸೋತ ಹಾಗೆ, ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಆಂಜಿನಮ್ಮ ಒಮ್ಮೆಯೂ ಸೋತವಳಲ್ಲ. ಸುತ್ತಲ ಹತ್ತೂರಿನವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಕೆಟ್ಟಿದ್ದು ಸ್ವಂತ ಮಗನ ಮದುವೆಯಲ್ಲಿ. ಸೊಸೆಯ ಸೋದರಮಾವ ಸೊಣ್ಣಪ್ಪ ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದಿದ್ದ. ಅದನ್ನು ಕಂಡ ಮೇಲೂ ಈಯಮ್ಮ ಸುಮ್ಮನಿರುತ್ತಾಳೆಯೇ? ಒಂದಲ್ಲ, ಮೂರು ಪದ ಹಾಕಿದಳು. ಎಲೆ ಬಿಟ್ಟು ಎದ್ದ ಪುಣ್ಯಾತ್ಮ ಮೂರು ವರ್ಷ ಈ ಕಡೆ ತಲೆ ಹಾಕಲಿಲ್ಲ. ಮಗ ನಂದೀಶ ಮುಳಬಾಗಿಲಿನ ಕಚೇರಿಯೊಂದರಲ್ಲಿ ಗುಮಾಸ್ತ, ಮರ್ಯಾದೆಗೆ ಅಂಜುವ ಆಸಾಮಿ. ‘ಇನ್ಮೇಲೆ ಪದ ಗಿದ ಅಂದ್ರೆ ನಾನ್ ಈ ಮನೇಲಿರಲ್ಲ ಕಣಮ್ಮ’ ಅಂತ ಆಣೆ ಹಾಕಿಸಿಕೊಂಡ. ಇಪ್ಪತ್ತೇಳು ವರ್ಷ ಆಂಜಿನಮ್ಮ ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ರಂಜಿತ ಬಂದಳು. ಬಂದಳು ಅಂದರೆ ಮನೆಗಲ್ಲ, ಮೊಬೈಲಿಗೆ. ನಂಗಲಿಯಲ್ಲಿ ಲಾರಿಗಳಿಗೆ ಪಂಚರ್ ಹಾಕುವವರ ಮಗಳು. ಕನ್ನಡ ತೆಲುಗು ಎರಡನ್ನೂ ಕಲಸಿ ಪಟಪಟ ರ‍್ಯಾಪ್ ಹೇಳಿ, ಲಕ್ಷಗಟ್ಟಲೆ ಜನ ನೋಡುವ ಹಾಗಾದಳು. ಸುಗಟೂರಿನ ಬಸ್ಸಿನಲ್ಲಿ ಸೀಟಿಗೆ ಜಗಳವಾಡುವ ಹುಡುಗಿಯರು ಕೂಡ ಈಗ ಪ್ರಾಸ ಹಾಕಿಯೇ ಬೈಯುವುದು! ಒಂದು ದಿನ ಮೊಮ್ಮಗಳು ಮೇಘನ ಅಜ್ಜಿಗೆ ರಂಜಿತಳ ಸಂದರ್ಶನ ತೋರಿಸಿದಳು. ‘ನಂಗೆ ರ‍್ಯಾಪ್ ಕಲ್ಸಿದ್ದು ಬೀಗರೂಟದಲ್ಲಿ ಪದ ಹಾಕ್ತಿದ್ದ ನಮ್ ಕಡೆ ಹೆಂಗಸ್ರು’ ಅಂದಿದ್ದಳು ಆ ಹುಡುಗಿ. ಆಂಜಿನಮ್ಮನಿಗೆ ಹೊಟ್ಟೆಗೆ ಹಾಲು ಹುಯ್ದಷ್ಟು ಖುಷಿಯಾಯಿತು, ಹಿಂದೆಯೇ ಹೊಟ್ಟೆ ಉರಿಯಿತು ಕೂಡ. ಯಾಕೆಂದರೆ ನಂದೀಶನ ಫೋನು ಬಡಿದುಕೊಂಡಾಗಲೆಲ್ಲ ಕೇಳುತ್ತಿದ್ದದ್ದು ರಂಜಿತಳ ಹಾಡೇ.

‘ಅವ್ಳು ಆಡ್ಕೊಂಡ್ರೆ ರಿಂಗ್‌ಟೋನು, ನಾನ್ ಆಡ್ಕೊಂಡ್ರೆ ರಂಪಾನೇನೋ?’ ಎಂದು ಮಗನನ್ನು ಕೇಳಿಯೇಬಿಟ್ಟಳು.

‘ಅಮ್ಮಾ, ಮೇಘನಾ ಮದ್ವೆ ಹತ್ರ ಬಂತು. ಆಣೆ ನೆನಪಿರ್ಲಿ’ ಎಂದನವನು.

ಮದುವೆ ಸುಸೂತ್ರವಾಗಿ ಆಯಿತು. ಬೀಗರೂಟ ಶ್ರೀನಿವಾಸಪುರದ ಹತ್ತಿರ, ಗಂಡಿನವರ ಮಾವಿನ ತೋಪಿನಲ್ಲಿ. ಮುದ್ದೆ, ಸಾರು ಬಡಿಸಿ ಇನ್ನೂ ನಾಲ್ಕು ತುತ್ತು ಇಳಿದಿಲ್ಲ, ಮದುಮಗ ಕದಿರೇಶನ ತಂಗಿ ಗಂಗಾಲಕ್ಷ್ಮಿ ಮೈಕು ಹಿಡಿದಳು. ಥೇಟ್ ರಂಜಿತಳ ಹಾಗೆಯೇ ಕೈ ಬೀಸುತ್ತ ಶುರು ಮಾಡಿದಳು:

‘ಬಂದ್ರಪ್ಪೋ ಬಂದ್ರು ತಾಯಲೂರ್ ಬೀಗ್ರು,
ಬಸ್ಸಲ್ಲಿ ಮಲ್ಗಿ ಊಟಕ್ಕೆ ಎದ್ರು!
ಕರೆದಿದ್ದು ಐವತ್ತು, ಬಂದಿದ್ದು ನೂರು,
ಕೈಗೊಂದ್ ಮೂಳೆ, ಬಾಯ್ತುಂಬಾ ಸಾರು!’

ತೋಪಿಗೆ ತೋಪೇ ನಕ್ಕಿತು. ತಾಯಲೂರಿನ ಹುಡುಗಿಯರು ಮುಖ ಮುಖ ನೋಡಿಕೊಂಡರು. ರಂಜಿತಳ ಹಾಡೆಲ್ಲ ಅವರಿಗೆ ಬಾಯಿಪಾಠ, ಸ್ವಂತದ್ದು ಒಂದು ಸಾಲೂ ಇಲ್ಲ. ಮಜ್ಜಿಗೆಯ ಬಕೀಟು ಆ ತುದಿಯಿಂದ ಹೊರಟೇಬಿಟ್ಟಿತ್ತು. ಗಂಡನ ಪಕ್ಕ ಕೂತಿದ್ದ ಮೇಘನ ಅಜ್ಜಿಯತ್ತ ನೋಡಿದಳು. ನಾಳೆಯಿಂದ ಆ ಮನೆಯಲ್ಲಿ ಇವರ ಸೋಲಿನ ಮಾತು ಕೇಳಬೇಕಾದವಳು ಅವಳೇ ತಾನೆ! ಆಣೆ ಹಾಳಾಗಲಿ ಅಂತ ಆಂಜಿನಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು, ತನ್ನ ಹಳೆಯ ಪದವೊಂದನ್ನು ಎತ್ತಿಕೊಂಡಳು. ನಂದೀಶ ತಲೆ ತಗ್ಗಿಸಿದ.

‘ಕುರಿ ಕುಯ್ದೆ ಅಂತವ್ಳೆ ನಮ್ ಬೀಗಿತ್ತಿ...’

ಗಂಡಿನ ತಾಯಿ ಭಾರತಮ್ಮ ಸೌಟು ಹಿಡಿದು ಹಾಗೇ ನಿಂತುಬಿಟ್ಟರು. ಆಂಜಿನಮ್ಮನೂ ನಿಂತುಬಿಟ್ಟಳು. ಮುಂದಿನ ಸಾಲು ಬರಲಿಲ್ಲ. ಮೊದಲ ಸಾಲನ್ನೇ ಇನ್ನೊಮ್ಮೆ ಹೇಳಿ ನೋಡಿದಳು, ಊಹೂಂ. ಇಪ್ಪತ್ತೇಳು ವರ್ಷ ನಾಲಿಗೆ ಮೇಲಿಲ್ಲದ ಪದ, ಕರೆದ ಕೂಡಲೇ ಓಡಿ ಬರಲು ಅದೇನು ಸಾಕಿದ ಕರುವೇ? ಯಾರೋ ಕಿಸಕ್ಕೆಂದರು. ಪಾಪ, ಆ ಹೆಣ್ಣುಜೀವಕ್ಕೆ ಅಳುವೇ ಬಂತು.

‘ಕುರಿ ಇನ್ನೂ ಮೇಯ್ತೈತೆ ಬಾಲ ಎತ್ತಿ!’

ಹೇಳಿದವನು ನಂದೀಶ. ತುತ್ತು ಇನ್ನೂ ಬಾಯಲ್ಲೇ ಇತ್ತು. ಮೊದಲು ನಕ್ಕವರು ಭಾರತಮ್ಮನೇ, ಸೌಟು ಬಿಟ್ಟು ಹೊಟ್ಟೆ ಹಿಡಿದುಕೊಂಡು.

ಆಂಜಿನಮ್ಮ ಮಗನನ್ನೇ ನೋಡುತ್ತ, ‘ನಿಂಗ್ ಹೆಂಗೋ ಗೊತ್ತು ಇದು?’ ಎಂದಳು.

‘ಚಿಕ್ಕೋನಿದ್ದಾಗ ಸೊಂಟದ್ ಮೇಲೆ ಹೊತ್ಕೊಂಡು ಮದ್ವೆ ಮದ್ವೆಗೂ ಹೋಗ್ತಿದ್ಯಲ್ಲಮ್ಮ. ಎಲ್ಲಾ ಬರ್ತದೆ ನಂಗೆ.’ ನಂದೀಶ ಎಂಜಲು ಕೈಯಲ್ಲೇ ಎದ್ದು ಬಂದು ತಾಯಿಯ ಪಕ್ಕ ನಿಂತ. ‘ನೀನ್ ಶುರು ಮಾಡು, ಮರೆತ್ ಕಡೆ ನಾನ್ ಹೇಳ್ತೀನಿ.’