ಅವ್ವನ ನಾಲಿಗೆ, ನನ್ನ ಶೇಂಗಾ ಹಿಂಡಿ

ರಾಯಚೂರಿನಲ್ಲಿ ನಾನು ಶೇಂಗಾ ಹಿಂಡಿ ಮಾರುತ್ತೇನೆ, ರೊಟ್ಟಿಯ ಜೊತೆ ತಿನ್ನುವ ಚಟ್ನಿಪುಡಿ. ಪೊಟ್ಟಣದ ಮೇಲೆ ‘ಅವ್ವ ಮಾಡಿದ್ದು’ ಎಂದು ಅಚ್ಚು ಹಾಕಿಸಿದ್ದೇನೆ. ಮಾಡುವುದು ಮಿಕ್ಸಿ. ಅವ್ವ ಇರುವುದು ದೇವದುರ್ಗದಲ್ಲಿ, ಅಕ್ಕನ ಮನೆಯಲ್ಲಿ. ತಿಂಗಳಿಗೊಂದು ಡಬ್ಬಿ ಅವಳಿಗೂ ಬಸ್ಸಿನಲ್ಲಿ ಕಳಿಸುತ್ತೇನೆ. ಅಷ್ಟರಮಟ್ಟಿಗೆ ಒಳ್ಳೆಯ ಮಗ.

ಹೋದ ಬೇಸಿಗೆಯಲ್ಲಿ ಶೇಂಗಾ ತುಟ್ಟಿಯಾಯಿತು. ಮೂರಕ್ಕೊಂದು ಪಾಲು ಪುಠಾಣಿ, ಅಂದರೆ ಹುರಿಗಡಲೆ, ಬೆರೆಸಿದೆ. ಎಣ್ಣೆ ಬಿಡುವುದಿಲ್ಲ, ಪೊಟ್ಟಣ ಜಿಡ್ಡಾಗುವುದಿಲ್ಲ, ಬೇಗ ಕೆಡುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಗಿರಾಕಿಗಳು ಯಾರೂ ಸೊಲ್ಲೆತ್ತಲಿಲ್ಲ. ಅವ್ವ ಮಾತ್ರ ಫೋನಿನಲ್ಲಿ, “ಯಾಕೋ ಹಿಂಡಿ ರುಚಿ ಹತ್ತವಲ್ದಪ್ಪ” ಎಂದಳು.

ಆಗಲೇ ನಿಜ ಹೇಳಬಹುದಿತ್ತು. “ವಯಸ್ಸಾತಲ್ಲ ಯವ್ವಾ, ನಾಲಿಗಿ ಸಾಯತದ” ಎಂದೆ. ಸಾಲದ್ದಕ್ಕೆ ಬಾಯಿಗೆ ರುಚಿ ಬರುವ ಟಾನಿಕ್ಕನ್ನೂ ಕಳಿಸಿದೆ.

ಮೊನ್ನೆ ದೇವದುರ್ಗಕ್ಕೆ ಹೋಗುವಾಗ ಅವ್ವನಿಗೆ ಇಷ್ಟವಾದ ಬೆಣ್ಣೆ ಬಿಸ್ಕತ್ತು ಒಯ್ದಿದ್ದೆ. ಅವಳು ಚಹಾದಲ್ಲಿ ಅದ್ದಿ ತಿಂದು, “ಇದೂ ಮೊದಲಿನಂಗ ಅನಸವಲ್ದು ನನಗ” ಎಂದು ತಲೆ ತಗ್ಗಿಸಿದಳು. ನಾನೂ ಒಂದು ತಿಂದೆ. ಬೆಣ್ಣೆಯ ಸುಳಿವೇ ಇಲ್ಲ. ಪೊಟ್ಟಣ ತಿರುಗಿಸಿದರೆ ಸಣ್ಣ ಅಕ್ಷರದಲ್ಲಿ ತಾಳೆ ಎಣ್ಣೆ, ಮುಂದೆ ದಪ್ಪಕ್ಷರದಲ್ಲಿ ‘ಹೊಸ ರುಚಿ’. ನನ್ನ ಪಿತ್ತ ನೆತ್ತಿಗೇರಿತು.

“ನಿನ್ನ ನಾಲಿಗಿ ನೆಟ್ಟಗದ ಯವ್ವಾ. ಕಂಪನಿಯವರು ಬೆಣ್ಣಿ ತಗದು ಅಗ್ಗದ ಎಣ್ಣಿ ಹಾಕ್ಯಾರ. ತುಟ್ಟಿ ಆದ್ರ ರೇಟ್ ಏರಸಲಿ. ಹೇಳದ ಕೇಳದ ಬದಲ ಮಾಡೋದಂದ್ರ? ನಾಚಿಕಿ ಬ್ಯಾಡೇನು ಇವರಿಗೆ?” ಎಂದು ಪಕ್ಕದ ಮನೆಗೂ ಕೇಳುವಂತೆ ಭಾಷಣ ಬಿಗಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ಒಳಗೊಳಗೆ ಖುಷಿಯೂ ಆಯಿತು.

ಅವ್ವ ಎದ್ದು ಒಳಗೆ ಹೋಗಿ ನನ್ನ ಡಬ್ಬಿ ತಂದಳು. ಒಂದು ಚಿಟಿಕೆ ಹಿಂಡಿಯನ್ನು ನಾಲಿಗೆಯ ಮೇಲಿಟ್ಟುಕೊಂಡು ಚಪ್ಪರಿಸಿದಳು.

“ಪುಠಾಣಿ” ಎಂದಳು.

ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ನಾನು ಹೆಗಲು ಮುಟ್ಟಿಕೊಂಡೆ. “ಶೇಂಗಾ ಭಾಳ ತುಟ್ಟಿ ಆಗಿತ್ತವ್ವಾ. ಗಿರಾಕಿಗೋಳು ಏನೂ ಅನ್ನಲಿಲ್ಲ, ಅದಕ್ಕ...” ಎಂದು ತೊದಲಿದೆ.

ಅವ್ವ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

“ಹೇಳಿದ್ರ ಪುಠಾಣಿದೇ ತಿಂತಿದ್ದೆ” ಎಂದಳು. “ನಾಲಿಗಿ ಸತ್ತದ ಅಂತ ನಾ ಅಡಗಿ ಮಾಡೋದ ಬಿಟ್ಟು ಕುಂತೀನಲ್ಲೋ.”